ಉಂಡಾಳ ಅಂದ ಕೈ

ಹೊತ್ತು ಇಳಿಯುವ ವೇಳೆಗೆ ನನ್ನ ಬಾಗಿಲ ಮುಂದೆ ಸ್ಕೂಟಿಗಳು ಬಂದು ನಿಲ್ಲುತ್ತವೆ. ರಬಕವಿಯ ಈ ಓಣಿಯಲ್ಲಿ ನಾನು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎನ್ನುವ ಚಟ್ನಿಪುಡಿ ಮಾಡಿ ಮಾರುತ್ತೇನೆ. ಬರುವವರೆಲ್ಲ ದುಡಿಯುವ ಹೆಂಗಸರು. ಶಾಲೆಯಿಂದ, ಬ್ಯಾಂಕಿನಿಂದ, ದವಾಖಾನೆಯಿಂದ, ಹೊಲಿಗೆಯ ಶೆಡ್ಡಿನಿಂದ ನೇರ ಬಂದಿರುತ್ತಾರೆ. ಮನೆಗೆ ಹೋದ ಕೂಡಲೇ ಒಲೆ ಹಚ್ಚಬೇಕು, ಏನು ಮಾಡುವುದೆಂದು ತೋಚದು. ರೊಟ್ಟಿ ಕಟ್ಟಿಸಿಕೊಳ್ಳುತ್ತ, ದಿನಾ ಸಂಜೆ ಸುಲಭ ಆಗುವಂಥದ್ದು, ತುಟ್ಟಿ ಆಗದಂಥದ್ದು ಏನಾದರೂ ಹೇಳಿ ಎನ್ನುತ್ತಾರೆ. ನಾನು ಹೇಳುತ್ತೇನೆ. ಮೊದಲು ಬಾಡುವುದನ್ನು ಮೊದಲು ಉಣ್ಣಿರಿ. ಸಂತೆಯಿಂದ ತಂದ ಸೊಪ್ಪು ಎರಡು ದಿನದಲ್ಲಿ ಮುಗಿಯಲಿ, ಬದನೆಕಾಯಿ ವಾರದ ನಡುವಿಗೆ ಇರಲಿ, ಕೊನೆಗೆ ಕಾಳು, ಕಡಲೆಹಿಟ್ಟು ಇದ್ದೇ ಇದೆ. ಹೆಸರುಕಾಳನ್ನು ಒಮ್ಮೆ ಕುದಿಸಿದರೆ ಅದರ ನೀರು ಈ ಹೊತ್ತು ಸಾರಾಗುತ್ತದೆ, ಕಾಳು ನಾಳೆ ಪಲ್ಯವಾಗುತ್ತದೆ. ತೀರಾ ದಣಿದು ಬಂದ ದಿನ ಚುರುಮುರಿ ನೆನೆಹಾಕಿ ಉಳ್ಳಾಗಡ್ಡಿಯ ಒಗ್ಗರಣೆ ಕೊಟ್ಟು ಸುಸಲಾ ಮಾಡಿದರೆ ಯಾರ ಮನೆಯ ಮಾನವೂ ಹೋಗುವುದಿಲ್ಲ. ಅವರು ಹೌದೌದು ಎನ್ನುತ್ತಾರೆ. ನಿಮ್ಮ ತಲೆ ಭಾರಿ ಐತ್ರಿ ಅಕ್ಕಾರ ಎನ್ನುತ್ತಾರೆ. ನಾನು ನಕ್ಕು ರೊಟ್ಟಿಯ ಕಟ್ಟು ಕೈಗೆ ಕೊಡುತ್ತೇನೆ. ಆ ತಲೆ ನನ್ನದಲ್ಲ, ನನ್ನ ತಂಗಿ ಮಾದೇವಿಯದು, ಹತ್ತು ಹನ್ನೊಂದು ವರ್ಷದ ಹುಡುಗಿಯದು ಎಂದು ಒಬ್ಬರಿಗೂ ಹೇಳಿಲ್ಲ.

ನಮ್ಮ ಮನೆ ಆಗ ಬನಹಟ್ಟಿಯಲ್ಲಿತ್ತು. ಬೀದಿಯ ಕಡೆಗೆ ಮಗ್ಗದ ಮನೆ, ಅದರಲ್ಲಿ ನಾಲ್ಕು ಪಾವರ್ ಮಗ್ಗ. ಅದರ ಹಿಂದೆ ಅಡಿಗೆಮನೆ. ನಡುವಿನ ಗೋಡೆಯಲ್ಲಿ ಒಂದು ಬಾಗಿಲು, ಆ ಬಾಗಿಲಿಗೆ ಕದ ಇರಲಿಲ್ಲ, ಅವ್ವನ ಹಳೆಯ ಸೀರೆಯ ಪರದೆ ಇತ್ತು. ಮಗ್ಗ ನಡೆದಾಗ ಇಡೀ ಮನೆ ನಡುಗುತ್ತಿತ್ತು. ಮಾಡದಲ್ಲಿಟ್ಟ ತಾಟುಗಳು ತಾವಾಗಿಯೇ ಜರುಗಿ ಅಂಚಿಗೆ ಬರುತ್ತಿದ್ದವು. ಅವನ್ನು ಹಿಂದಕ್ಕೆ ತಳ್ಳುವುದೂ ದಿನದ ಕೆಲಸಗಳಲ್ಲಿ ಒಂದು. ನಾವು ಮಕ್ಕಳು ಆ ಸಪ್ಪಳದಲ್ಲೇ ಮಲಗುತ್ತಿದ್ದೆವು. ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು. ಅಪ್ಪ, ಅವ್ವ ಎರಡೆರಡು ಮಗ್ಗ ನೋಡಿಕೊಳ್ಳುತ್ತಿದ್ದರು. ನಾನು ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟು ಮೂಲೆಯಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದೆ. ಲಾಳಿಯ ಹೊಟ್ಟೆಯಲ್ಲಿ ಕೂರುವ ನೂಲಿನ ಸಣ್ಣ ಸುರುಳಿಗಳು ಅವು. ಅವು ತಪ್ಪಿದರೆ ಮಗ್ಗ ನಿಲ್ಲುತ್ತದೆ. ನನಗೆ ಆ ಕೆಲಸ ಇಷ್ಟವಿತ್ತು. ದೊಡ್ಡವರ ಜೊತೆ, ದೊಡ್ಡವರ ಸಪ್ಪಳದಲ್ಲಿ ಇದ್ದೇನೆ ಅನಿಸುತ್ತಿತ್ತು.

ಮಾದೇವಿ ನನಗಿಂತ ಎರಡು ವರ್ಷ ಚಿಕ್ಕವಳು. ಮಗ್ಗದ ಮನೆಯಲ್ಲಿ ಅವಳಿಗೆ ಕೂರಲಾಗುತ್ತಿರಲಿಲ್ಲ. ಗಾಳಿಯಲ್ಲಿ ಹಾರುವ ಹತ್ತಿಯ ಎಳೆ ಮೂಗಿಗೆ ಹೋದರೆ ಕೆಮ್ಮು ಹತ್ತಿ ಕಣ್ಣು ಹೊರಗೆ ಬರುವಂತಾಗುತ್ತಿತ್ತು. ಹಾಗಾಗಿ ಒಲೆ ಅವಳ ಪಾಲಿಗೆ ಬಂತು. ಮಾಡದ ಡಬ್ಬಿಗಳು ಕೈಗೆ ಎಟುಕದೆ ಕುಳಿತುಕೊಳ್ಳುವ ಮಣೆಯ ಮೇಲೆ ನಿಂತು ತೆಗೆಯುತ್ತಿದ್ದಳು. ಮೊದಲು ಕೆಲವು ದಿನ ಅವ್ವ ಮಗ್ಗ ಬಿಟ್ಟು ಬಂದು ಬಂದು ಹೇಳಿಕೊಟ್ಟಳು. ಆಮೇಲೆ ಹೇಳುವುದು ಏನೂ ಉಳಿಯಲಿಲ್ಲ. ಸಂತೆಯ ದಿನ ಮಗ್ಗಕ್ಕೆ ಅರ್ಧ ದಿನ ಬಿಡುವು. ಅವ್ವನೂ ನಾನೂ ಕೂತು ವಾರಕ್ಕಾಗುವಷ್ಟು ರೊಟ್ಟಿ ಬಡಿದು ಒಣಗಿಸಿ ಬುಟ್ಟಿಗೆ ಹಾಕಿ ಬಟ್ಟೆ ಕಟ್ಟುತ್ತಿದ್ದೆವು. ಸಂತೆಗೆ ಮಾತ್ರ ಅವ್ವನ ಜೊತೆ ಮಾದೇವಿಯೇ ಹೋಗಬೇಕು. ಒಂದೊಂದು ಕಾಯಿಯನ್ನೂ ಎತ್ತಿ ಹಿಡಿದು ಇದು ಎಷ್ಟು ದಿನ ತಾಳುತ್ತದೆ ಎಂದು ನೋಡುತ್ತಿದ್ದಳಂತೆ. ನಿನ್ನ ಮಗಳು ಬದನಿಕಾಯಿಗೆ ವರ ನೋಡಾಕತ್ತಾಳೇನು ಎಂದು ಮಾರುವವಳು ನಗುತ್ತಿದ್ದಳೆಂದು ಅವ್ವ ಮನೆಗೆ ಬಂದು ಹೇಳುತ್ತಿದ್ದಳು.

ಆಗಿನ ಕರೆಂಟನ್ನು ನಂಬುವ ಹಾಗಿರಲಿಲ್ಲ. ಮಧ್ಯಾಹ್ನ ಹೋದದ್ದು ದೀಪ ಹಚ್ಚುವ ಹೊತ್ತಿಗೆ ಬರುತ್ತಿತ್ತು, ಬಂದಾಗ ಮಗ್ಗ ಓಡಲೇಬೇಕು. ಹೀಗಾಗಿ ಮಾದೇವಿ ಊಟವನ್ನು ಎರಡು ಜಾತಿ ಮಾಡಿದ್ದಳು. ಕರೆಂಟು ಇದ್ದರೆ ನಿಂತ ಊಟ, ಇಲ್ಲದಿದ್ದರೆ ಕುಂತ ಊಟ. ನಿಂತ ಊಟವೆಂದರೆ ನೀರು ಚಿಮುಕಿಸಿ ಮೆತ್ತಗೆ ಮಾಡಿದ ರೊಟ್ಟಿಯಲ್ಲಿ ಹಿಂಡಿ, ಎಣ್ಣೆ, ಇಲ್ಲವೇ ಕಡಲೆಹಿಟ್ಟಿನ ಗಟ್ಟಿ ಜುಣಕಾ ಇಟ್ಟು ಸುರುಳಿ ಸುತ್ತುವುದು. ಅದನ್ನು ಎಡಗೈಯಲ್ಲಿ ಹಿಡಿದು ತಿನ್ನುತ್ತ ಬಲಗೈಯಲ್ಲಿ ತುಂಡಾದ ಎಳೆ ಕಟ್ಟಬಹುದು. ಕುಂತ ಊಟವೆಂದರೆ ಜೋಳದ ನುಚ್ಚು, ಸಾರು, ಮಜ್ಜಿಗೆ, ನಾಲ್ವರೂ ಒಂದೇ ಸಾಲಿನಲ್ಲಿ ಕೂತು. ಆ ದಿನ ಮಾತ್ರ ಮಾತು ಕೇಳಿಸುತ್ತಿತ್ತು. ಅಪ್ಪ ತಾಟು ನೋಡಿ, ಮತ್ತ ಅದ ಬ್ಯಾಳಿ ಏನು ಎಂದು ಕೇಳುವುದು, ಅವಳು ಮೋರೆ ಗಂಭೀರ ಮಾಡಿಕೊಂಡು ಉತ್ತರ ಕೊಡುವುದು.

"ನಿನ್ನಿ ಬ್ಯಾಳಿ ಅಲ್ಲಪಾ, ಅದು ಹೆಸರ ಬದಲ ಮಾಡ್ಕೊಂಡ ಬಂದೈತಿ."

ಅಪ್ಪ ನಗುವವನಲ್ಲ. ಆದರೂ ಆ ಮಾತಿಗೆ ಒಂದು ತುತ್ತು ಹೆಚ್ಚು ಉಣ್ಣುತ್ತಿದ್ದ.

ಮಗ್ಗ ನಡೆದಾಗ ನಮ್ಮ ಮನೆಯಲ್ಲಿ ಬಾಯಿ ಇದ್ದೂ ಇಲ್ಲ. ಎಲ್ಲ ಕೈಯಲ್ಲೇ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ. ಅಂಗೈ ಅಂಗೈ ತಟ್ಟಿದರೆ ರೊಟ್ಟಿ. ಹೆಬ್ಬೆರಳು ತುಟಿಗೆ ಹೋದರೆ ನೀರು. ಮನುಷ್ಯರಿಗೂ ಗುರುತುಗಳಿದ್ದವು: ಮೀಸೆ ತೀಡಿದರೆ ಅಪ್ಪ, ಕಿವಿಯ ಹಾಲೆ ಹಿಡಿದರೆ ಮಾದೇವಿ. ಅವಳ ಕಿವಿ ಚುಚ್ಚಿದ್ದು ಕೀವಾಗಿ, ಹಾಲೆಯಲ್ಲಿ ಒಂದು ಗಂಟು ಉಳಿದುಬಿಟ್ಟಿತ್ತು. ಅವ್ವ ನಿಂತ ಊಟ ಮುಗಿಸಿ ಕೈ ಒರೆಸಿಕೊಂಡ ಮೇಲೆ ದಿನವೂ ನನ್ನ ಕಡೆ ತಿರುಗುವಳು. ಕಿವಿಯ ಹಾಲೆ ಹಿಡಿಯುವಳು, ಐದು ಬೆರಳು ಕೂಡಿಸಿ ತುಟಿಗೆ ಒಯ್ಯುವಳು, ಅಂಗೈ ಮೇಲೆ ಮಾಡುವಳು. ಮಾದೇವಿ ಉಂಡಳೇ? ನಿಂತ ಊಟದ ದಿನ ಒಲೆ ನೋಡುವವರು ಎಲ್ಲರಿಗೂ ನೀಡಿ ಕಡೆಗೆ ಉಣ್ಣುವುದು ನಮ್ಮ ಮನೆಯ ರೀತಿ. ಕಂಡಿಕೆಯ ನೂಲು ತರಲು ಅಡಿಗೆಮನೆ ಹಾಯ್ದು ಹಿತ್ತಲ ಕಡೆಗೆ ಹೋಗುವವಳು ನಾನೊಬ್ಬಳೇ. ಹಾಗಾಗಿ ನೋಡಿ ಹೇಳುವುದು ನನ್ನ ಕೆಲಸ. ನಾನು ಅಂಗೈಯನ್ನು ಹೊಟ್ಟೆಯ ಮೇಲಿಂದ ಕೆಳಗೆ ಇಳಿಸುತ್ತಿದ್ದೆ. ಉಂಡಾಳ. ಅವ್ವ ಮಗ್ಗದ ಕಡೆ ತಿರುಗುತ್ತಿದ್ದಳು.

ಮೊದಮೊದಲು ಅದು ನಿಜವೇ ಆಗಿತ್ತು.

ಮದುವೆಗಳ ಸುಗ್ಗಿ ಬಂದ ಆ ವರ್ಷ ಸೀರೆಗಳಿಗೆ ಬೇಡಿಕೆ ಹೆಚ್ಚಿ, ಕರೆಂಟೂ ಅಪರೂಪಕ್ಕೆ ಸರಿಯಾಗಿ ಇತ್ತು. ಕುಂತ ಊಟ ನಿಂತೇ ಹೋಯಿತು. ಸಂತೆಯ ದಿನದ ಬಿಡುವೂ ಹೋಗಿ, ಸಂತೆಗೆ ಮಾದೇವಿ ಒಬ್ಬಳೇ ಹೋಗಿಬರುವಂತಾಯಿತು. ನಾಲ್ವರೂ ಒಂದೇ ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿ ಉಂಡದ್ದು ಎಂದೋ ಎನ್ನುವ ಹಾಗಾಯಿತು. ಒಂದು ಸಂಜೆ ನಾನು ಅಡಿಗೆಮನೆಗೆ ಹೋದಾಗ ಮಾದೇವಿ ಒಲೆಯ ಮುಂದೆ ಗೋಡೆಗೆ ಒರಗಿ ಕೂತಿದ್ದಳು. ಅವಳ ಪಾಲಿನ ರೊಟ್ಟಿ, ಪುಂಡಿಪಲ್ಯ ಬೋಗುಣಿಯಲ್ಲಿ ಹಾಗೆಯೇ ಇತ್ತು, ಮೇಲೆ ಮುಚ್ಚಳ. ಯಾಕೆ ಉಂಡಿಲ್ಲ ಎಂದೆ. ಹಸಿವಿಲ್ಲ ಎಂದಳು. ನನಗೆ ಆ ದಿನಗಳಲ್ಲಿ ಎಷ್ಟು ಉಂಡರೂ ಸಾಲುತ್ತಿರಲಿಲ್ಲ. ಮೈ ಬೆಳೆಯುವ ವಯಸ್ಸು. ಬೋಗುಣಿಯ ಕಡೆ ನಾನು ನೋಡಿದ್ದನ್ನು ಅವಳು ನೋಡಿದಳು.

"ನೀನ ಉಣ್ಣ ಬೇ ಅಕ್ಕಾ. ನಾಯಿಗೆ ಹಾಕೂದಕ್ಕಿಂತ ಛಲೋ ಅಲ್ಲೇನು."

ನಾನು ಉಂಡೆ. ಅಲ್ಲೇ ಪರದೆಯ ಹಿಂದೆ ನಿಂತು, ಗಬಗಬ. ಹೊರಗೆ ಬಂದಾಗ ಅವ್ವನ ಕೈ ಕಿವಿಗೆ ಹೋಯಿತು. ನಾನು ಅಂಗೈಯನ್ನು ಹೊಟ್ಟೆಯ ಮೇಲಿಂದ ಇಳಿಸಿದೆ.

ಮರುದಿನವೂ ಅವಳಿಗೆ ಹಸಿವಿರಲಿಲ್ಲ. ಅದರ ಮರುದಿನ ಒಂದು ಚೂರು ರೊಟ್ಟಿ ಮಜ್ಜಿಗೆಯಲ್ಲಿ ಅದ್ದಿ ತಿಂದಳು. ಅವ್ವನಿಗೆ ಹೇಳುತ್ತೇನೆ ಎಂದು ಒಂದು ದಿನ ಎದ್ದೆ, ಖರೆ. ಅವಳು ನನ್ನ ಲಂಗ ಹಿಡಿದಳು.

"ಹೇಳಬ್ಯಾಡ. ಹೇಳಿದ್ರ ಹುನ್ನೂರಿಗೆ ಆಯಿ ಮನಿಗೆ ಕಳಸ್ತಾರ. ನಾ ಹೋದ್ರ ಒಲಿ ಮುಂದ ನೀ ಕುಂದ್ರಬೇಕಾಗ್ತೈತಿ, ನೋಡ."

ಆಯಿ ಎಂದರೆ ಅವ್ವನ ತಾಯಿ. ಮೈ ಸುಖವಿಲ್ಲದ ಮಕ್ಕಳನ್ನು ಅಲ್ಲಿಗೆ ಕಳಿಸುವುದು, ಹಾಲು ಮೊಸರು ತಿನ್ನಿಸಿ ಆಯಿ ಅವರನ್ನು ಸರಿಮಾಡಿ ಕಳಿಸುವುದು ನಡೆದುಬಂದದ್ದು. ಮಾದೇವಿಗೆ ಅಲ್ಲಿ ಬೇಸರ; ಅವಳ ಒಲೆ, ಅವಳ ಡಬ್ಬಿಗಳು ಇಲ್ಲಿದ್ದವು. ಆದರೆ ಅವಳ ಮಾತಿನ ಎರಡನೆಯ ಅರ್ಧವೇ ನನ್ನನ್ನು ಕೂರಿಸಿತು. ಒಲೆಯ ಹೊಗೆ ನನಗೆ ಆಗದು. ಆ ಸಣ್ಣ ಕತ್ತಲೆಯ ಕೋಣೆಯಲ್ಲಿ ಒಬ್ಬಳೇ ಕೂತು, ಪರದೆಯ ಆಚೆಗೆ ಮಗ್ಗ ಓಡುವುದನ್ನು ಕೇಳುತ್ತ, ಎಲ್ಲರ ಹೊಟ್ಟೆಯ ಚಿಂತೆ ಹೊರುವುದು ನನಗೆ ಬೇಡವಾಗಿತ್ತು. ತಂಗಿಯ ಮಾತು ಮೀರಬಾರದೆಂದು ಸುಮ್ಮನಾದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗಲ್ಲ. ನನ್ನ ಕಂಡಿಕೆಯ ಮೂಲೆ ಹೋಗಬಾರದೆಂದು ಸುಮ್ಮನಾದೆ. ಮೇಲೆ ಅವಳ ಪಾಲೂ ನನ್ನ ಹೊಟ್ಟೆಗೆ ಬರುತ್ತಿತ್ತು.

ಅವಳು ಅಡಿಗೆಯಲ್ಲಿ ಮಾತ್ರ ಏನೂ ಕಡಿಮೆ ಮಾಡಲಿಲ್ಲ. ಅದೇ ನಮ್ಮೆಲ್ಲರ ಕಣ್ಣು ಕಟ್ಟಿತು. ಸೊಪ್ಪು ಬಾಡುವ ಮೊದಲು ಪಲ್ಯವಾಗುತ್ತಿತ್ತು, ಕಾಳು ಹೊತ್ತಿಗೆ ಸರಿಯಾಗಿ ನೆನೆಯುತ್ತಿತ್ತು. ಸುರುಳಿಗಳನ್ನು ತಾಟಿನಲ್ಲಿ ಇಟ್ಟು ಪರದೆಯ ಸಂದಿಯಿಂದ ಕೈ ಚಾಚುತ್ತಿದ್ದಳು. ಅಪ್ಪ ಅವ್ವ ಕಂಡದ್ದು ಆ ಕೈ ಒಂದನ್ನೇ. ಕೈ ಸಣ್ಣಗಾಗಿದ್ದನ್ನು, ಬಳೆ ಮೊಣಕೈತನಕ ಜಾರುವುದನ್ನು ನಾನು ಕಂಡಿದ್ದೆ. ಅವ್ವ ಮಾತ್ರ ಕೇಳುವುದನ್ನು ಒಂದು ದಿನವೂ ಬಿಟ್ಟವಳಲ್ಲ. ಕಿವಿ, ತುಟಿ, ಅಂಗೈ. ನಾನು ದಿನವೂ ಅದೇ ಉತ್ತರ ಕೊಟ್ಟೆ. ಬಾಯಿಂದ ಹೇಳಬೇಕಾಗಿದ್ದರೆ ನಾಲಿಗೆ ಎಲ್ಲಾದರೂ ತೊದಲುತ್ತಿತ್ತೇನೋ. ಕೈ ತೊದಲಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಮಣೆಯ ಮೇಲೆ ಹತ್ತಲು ಹೋಗಿ ಬಿದ್ದಳು. ಮೈ ಬೆಂಕಿಯಂತೆ ಸುಡುತ್ತಿತ್ತು, ಕಣ್ಣು ಹಳದಿಯಾಗಿತ್ತು. ಅಪ್ಪ ಮಗ್ಗ ನಿಲ್ಲಿಸಿ ಅವಳನ್ನು ಹೆಗಲ ಮೇಲೆ ಹಾಕಿಕೊಂಡ. ಬಸ್ಸಿನಲ್ಲಿ ಜಮಖಂಡಿಗೆ ಹೋದೆವು. ಡಾಕ್ಟರು ವಯಸ್ಸಾದವರು, ದನಿ ಎತ್ತುವವರಲ್ಲ. ಅವಳ ಹೊಟ್ಟೆ ಒತ್ತಿ, ರೆಪ್ಪೆ ಎಳೆದು ನೋಡಿ, ಅವ್ವನ ಕಡೆ ತಿರುಗಿದರು.

"ಊಟ ಬಿಟ್ಟು ಎಷ್ಟು ದಿನ ಆತವ್ವಾ?"

"ಬಿಟ್ಟಿಲ್ರೀ," ಎಂದಳು ಅವ್ವ. "ದಿನಾ ಹೊಟ್ಟಿ ತುಂಬ ಉಂಡಾಳ. ನಾ ದಿನಾ ಕೇಳೇನ್ರಿ."

ಹಾಗೆಂದು ಅವ್ವ ನನ್ನ ಮುಖ ನೋಡಿದಳು. ಡಾಕ್ಟರೂ ನೋಡಿದರು. ಮಂಚದ ಮೇಲಿನಿಂದ ಮಾದೇವಿಯೂ ನೋಡಿದಳು. ಅಲ್ಲಿ ಮಗ್ಗದ ಸಪ್ಪಳ ಇರಲಿಲ್ಲ. ಬಾಯಿ ತೆರೆದರೆ ಸಾಕಿತ್ತು. ನಾನು ತಲೆಯಾಡಿಸಿದೆ, ಹೌದು ಎಂದು. ಡಾಕ್ಟರು ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಹೊಟ್ಟೆ ಒತ್ತಿ ನೋಡಿದರು, ಏನೋ ಬರೆದುಕೊಟ್ಟರು. ಖರೆ ಹೇಳಿದ್ದರೆ ಅವರು ಬೇರೆ ಏನು ಬರೆಯುತ್ತಿದ್ದರು, ಅಷ್ಟರಲ್ಲಿ ಕೈ ಮೀರಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದೇ ನನ್ನ ಜೊತೆ ಉಳಿದಿದೆ. ಗೊತ್ತಾಗಿದ್ದರೆ ಒಂದೋ ಅತ್ತು ಮುಗಿಸುತ್ತಿದ್ದೆ, ಇಲ್ಲವೇ ಹಗುರಾಗುತ್ತಿದ್ದೆ. ಅದೇ ವಾರ ಮಾದೇವಿ ಹೋದಳು. ಅವಳು ನೆನೆಹಾಕಿದ್ದ ಮಡಿಕೆಕಾಳು ಅಡಿಗೆಮನೆಯಲ್ಲಿ ಮೊಳಕೆ ಬಂದು, ಮೊಳಕೆ ಉದ್ದವಾಗಿ, ಬಟ್ಟೆಯ ಗಂಟಿನಿಂದ ಹೊರಗೆ ಚಾಚಿತ್ತು.

ಮಣ್ಣು ಮಾಡಿ ಬಂದ ಮೇಲೆ ಸಮಾಧಾನ ಹೇಳಿ ಮಾತಾಡಿಸಲು ಜನ ಬಂದರು. ಅಪ್ಪನ ಅಕ್ಕ, ನಮ್ಮ ಅತ್ತಿ, ಲೋಕಾಪುರದಿಂದ ಬಂದವಳು ಹೊಸ್ತಿಲ ಮೇಲೆ ಕೂತು ನಾಲ್ಕು ಜನ ಕೇಳುವಂತೆ ಹೇಳಿದಳು: ಮಗ್ಗದ ಎಳೆ ಹರಿದರೆ ಕಾಣುವ ಕಣ್ಣಿಗೆ ಮಗಳ ಹೊಟ್ಟೆ ಕಾಣಲಿಲ್ಲ. ಅವ್ವ ಅಳು ನಿಲ್ಲಿಸಿ ತಲೆ ಎತ್ತಿದಳು.

"ನನ್ನ ಮಗಳು ಉಪವಾಸ ಹೋಗಿಲ್ಲ, ಅಕ್ಕಾರ. ಹೊಟ್ಟಿ ತುಂಬ ಉಂಡು ಹೋಗ್ಯಾಳ. ಕಸ್ತೂರಿನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೌದೆಂದೆ. ಆ ಸಲ ಬಾಯಿಂದಲೇ. ಅಂದಿನಿಂದ ಅವ್ವನ ಕೈಯಲ್ಲಿ ಹಿಡಿದುಕೊಳ್ಳಲು ಉಳಿದದ್ದು ಅದೊಂದೇ ಮಾತು. ಯಾರಾದರೂ ಆ ಮಗುವಿನ ಸುದ್ದಿ ತೆಗೆದರೆ, ಹೊಟ್ಟಿ ತುಂಬ ಉಂಡು ಹೋತು ನಮ್ಮ ಕೂಸು ಎನ್ನುವಳು. ಎಂದು ಸೆರಗಿನಿಂದ ಬಾಯಿ ಒರೆಸಿಕೊಳ್ಳುವಳು, ತಾನೇ ಆಗ ಉಂಡವಳ ಹಾಗೆ. ಒಲೆ ನನ್ನ ಪಾಲಿಗೆ ಬಂತು. ಯಾವುದರಿಂದ ತಪ್ಪಿಸಿಕೊಳ್ಳಲು ಸುಳ್ಳು ಹೇಳಿದ್ದೆನೋ ಅದರ ಮುಂದೆಯೇ ಬಂದು ಕೂತೆ. ಮಾದೇವಿ ಮಾಡುತ್ತಿದ್ದುದನ್ನೆಲ್ಲ ನೆನಪು ಮಾಡಿಕೊಂಡು ಮಾಡಿದೆ. ನನ್ನದೆಂದು ಒಂದು ಒಗ್ಗರಣೆಯೂ ಅದರಲ್ಲಿ ಇಲ್ಲ.

ಅಪ್ಪ ತೀರಿ, ನನ್ನ ಗಂಡನೂ ತೀರಿದ ಮೇಲೆ ಅವ್ವನನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಮಗ್ಗ ಅವ್ವನ ಕಿವಿಯನ್ನು ಪೂರಾ ತಿಂದುಬಿಟ್ಟಿದೆ. ಕೇಳಿಸದವರು ಮಾತೂ ಬಿಡುತ್ತಾರೆ. ಅವ್ವ ಈಗ ಮಾತಾಡುವುದು ಅಪರೂಪ. ನಾವಿಬ್ಬರೂ ಮತ್ತೆ ಕೈಗೇ ಬಂದಿದ್ದೇವೆ. ಅಂಗೈ ತಟ್ಟಿದರೆ ರೊಟ್ಟಿ, ಹೆಬ್ಬೆರಳು ತುಟಿಗೆ ಹೋದರೆ ನೀರು. ಈ ಓಣಿಯಲ್ಲೂ ಮಗ್ಗಗಳಿವೆ. ಸಂಜೆ ಹೊತ್ತು ಕರೆಂಟು ಹೋಗಿ ಅವೆಲ್ಲ ಒಮ್ಮೆಗೇ ನಿಂತಾಗ, ಆ ಮೌನದಲ್ಲಿ ನನ್ನ ಅಡಿಗೆಮನೆಯಿಂದ ಬೋಗುಣಿಯ ಮೇಲೆ ಮುಚ್ಚಳ ಇಟ್ಟ ಸಪ್ಪಳ ಕೇಳಿಸುತ್ತದೆ. ಮೆಲ್ಲಗೆ, ಯಾರಿಗೂ ಗೊತ್ತಾಗಬಾರದೆಂದು ಇಟ್ಟ ಹಾಗೆ. ಹೋಗಿ ನೋಡಿದರೆ ಯಾರೂ ಇರುವುದಿಲ್ಲ. ನಾನು ಅಂಜಿದವಳಲ್ಲ. ಆದರೆ ಆ ಹೊತ್ತಿನಲ್ಲಿ ನನಗೆ ತುತ್ತು ಇಳಿಯುವುದಿಲ್ಲ.

ಈ ವರ್ಷ ನನ್ನ ಹತ್ತಿರ ರೊಟ್ಟಿ ಒಯ್ಯುವ ಸವಿತಾ ಒಂದು ಮಾತು ತೆಗೆದಳು. ಬ್ಯಾಂಕಿನಲ್ಲಿ ಕೆಲಸ, ಗಂಡ ಮುಧೋಳದಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುತ್ತಾನೆ, ಒಬ್ಬಳೇ ಮಗಳು. ಅಕ್ಕಾರ, ನೀವು ಹೇಳಿದಂಗ ಮಾಡಾಕತ್ತೇನ್ರಿ, ಸಂಜಿ ಕೆಲಸ ಭಾಳ ಹಗುರಾತು ಎಂದಳು. ಮಗಳು ಮಾತ್ರ ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಾಳಂತೆ. ಒಂದು ಹೊತ್ತಿನ ಅಡಿಗೆ ಉಳೀತು ಬಿಡ್ರಿ ಎಂದು ನಕ್ಕಳು. ನಾನು ರೊಟ್ಟಿಯ ಕಟ್ಟು ಕೊಡದೆ ಕೆಳಗಿಟ್ಟೆ. ಎಂದಿನಿಂದ ಎಂದು ಕೇಳಿದೆ. ಮೂರು ನಾಲ್ಕು ವಾರ ಆಗಿರಬಹುದು ಎಂದಳು.

"ಉಂಡ್ಯಾ ಅಂತ ಕೇಳಬ್ಯಾಡ ತಂಗಿ, ಮುಂದ ಕೂತು ನೋಡು. ಮಕ್ಕಳಿಗೆ ಹಸಿವಿಲ್ಲ ಅಂದ್ರ ಅದು ರೋಗ ಮಾತಾಡಾಕತ್ತಿದ್ದು. ನಾಳೆ ಅನ್ನಬ್ಯಾಡ, ಈಗ ದವಾಖಾನಿಗೆ ನಡಿ."

ನನ್ನ ದನಿ ಕೇಳಿ ಅವಳು ಹೆದರಿದಳು. ಹೋದಳು. ಕೆಲವು ದಿನ ಬಿಟ್ಟು ಮಗಳನ್ನೂ ಕರೆದುಕೊಂಡು ಬಂದಳು, ಕೈಯಲ್ಲಿ ಪೇಡೆಯ ಡಬ್ಬಿ. ಮೈಯಲ್ಲಿ ರಕ್ತ ತೀರಾ ಕಡಿಮೆಯಾಗಿತ್ತಂತೆ, ಔಷಧ ಕೊಟ್ಟಿದ್ದಾರೆ, ಈಗ ಕೇಳಿ ಕೇಳಿ ಉಣ್ಣುತ್ತಾಳಂತೆ. ನೀವು ಅಂದಿದ್ದಕ್ಕ ತಿಳೀತ್ರಿ, ಇಲ್ಲಂದ್ರ ನಮಗೆಲ್ಲಿ ತಿಳೀಬೇಕು ಎಂದು ಬಗ್ಗಿ ನನ್ನ ಕಾಲು ಮುಟ್ಟಿದಳು. ಆ ಹುಡುಗಿ ಒಳಗೆ ಹೋಗಿ ಅವ್ವನ ಪಕ್ಕದಲ್ಲಿ ಕೂತಿತ್ತು. ಅವ್ವ ಅದರ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಸುಮ್ಮನೆ ತಿಕ್ಕುತ್ತಿದ್ದಳು. ಮಾದೇವಿಯ ಕಿವಿಯ ಗಂಟು ಹುಡುಕುತ್ತಿದ್ದಳು.

ಅವರು ಹೋದ ಮೇಲೆ ನಾನು ಅವ್ವನಿಗೆ ತಾಟು ಇಟ್ಟೆ. ನುಚ್ಚು, ಹೆಸರುಕಾಳಿನ ಸಾರು. ಅವ್ವ ಉಣ್ಣಲಿಲ್ಲ. ನನ್ನ ಕಡೆ ತಿರುಗಿದಳು. ಕೈ ಕಿವಿಗೆ ಹೋಯಿತು, ಬೆರಳು ಕೂಡಿ ತುಟಿಗೆ ಬಂದವು, ಅಂಗೈ ಮೇಲಾಯಿತು. ಮನಸ್ಸು ಎಲ್ಲಿತ್ತೋ, ಯಾವ ವರ್ಷದಲ್ಲಿತ್ತೋ. ಕೆಲವು ಸಂಜೆ ಹೀಗೆ ಕೇಳುವುದುಂಟು. ಅಂಥ ಸಂಜೆಗಳಲ್ಲಿ ನಾನು ಅಂಗೈಯನ್ನು ಹೊಟ್ಟೆಯ ಮೇಲೆ ಇಳಿಸಿದರೆ ಸಮಾಧಾನವಾಗಿ ಉಣ್ಣುತ್ತಾಳೆ. ಆ ದಿನವೂ ಕೈ ತಾನಾಗಿಯೇ ಹೊಟ್ಟೆಯ ಹತ್ತಿರ ಬಂತು. ಇದೊಂದು ಮಾತನ್ನು ಇವಳಿಂದ ಕಿತ್ತುಕೊಂಡರೆ ಇವಳ ಹತ್ತಿರ ಏನು ಉಳಿಯುತ್ತದೆ ಎಂದು ಅನಿಸಿತು. ಆದರೆ ಬಾಯಿಬಿಟ್ಟು ಹೇಳಿದ್ದಕ್ಕೆ ಮಗಳು ಉಳಿದಳೆಂದು ಆಗಷ್ಟೇ ಒಬ್ಬಳು ನನ್ನ ಕಾಲು ಮುಟ್ಟಿ ಹೋಗಿದ್ದಳು. ಕೈಯನ್ನು ತಿರುಗಿಸಿದೆ. ಕಿವಿ ಹಿಡಿದೆ, ತುಟಿ ಮುಟ್ಟಿದೆ, ಬೆರಳು ಬಿಡಿಸಿ ಅಲ್ಲಾಡಿಸಿದೆ. ಉಂಡಿಲ್ಲ. ಆಮೇಲೆ ನನ್ನ ಎದೆ ಮುಟ್ಟಿಕೊಂಡು, ಅಂಗೈಯನ್ನು ನನ್ನ ಹೊಟ್ಟೆಯ ಮೇಲೆ ಇಳಿಸಿದೆ. ನಾ ಉಂಡೆ. ಮತ್ತೆ ಮಾಡಿ ತೋರಿಸಿದೆ. ದಿನವೂ ಎಂದು ತೋರಿಸಲು ಮತ್ತೆ ಮತ್ತೆ ಮಾಡಿದೆ.

ಅವ್ವ ಬಹಳ ಹೊತ್ತು ನನ್ನ ಕೈಯನ್ನೇ ನೋಡಿದಳು, ಮುಖವನ್ನಲ್ಲ. ತಿಳಿಯಲಿಲ್ಲವೇನೋ ಅಂದುಕೊಂಡೆ. ಆಗ ಅವಳ ಬಾಯಿ ತೆರೆಯಿತು. ಕಿವುಡರ ದನಿ, ಅಳತೆ ಇಲ್ಲದ್ದು, ಓಡುವ ಮಗ್ಗದ ಮೇಲೆ ಕೂಗುವಂಥದ್ದು.

"ಹಸದ ಹೋತೇನ ಹಂಗಾರ ನನ್ನ ಕೂಸು."

ನಾನು ತಲೆ ತಗ್ಗಿಸಿದೆ. ಅವ್ವ ತನ್ನ ಮುಂದಿನ ತಾಟನ್ನು ಕೈಯಿಂದ ಮೆಲ್ಲಗೆ ಎದುರಿನ ಖಾಲಿ ಜಾಗಕ್ಕೆ ಸರಿಸಿದಳು. ಆ ಊಟ ಅಲ್ಲೇ ಆರಿತು. ಆ ರಾತ್ರಿ ನಾವಿಬ್ಬರೂ ಉಣ್ಣಲಿಲ್ಲ.

ಈಗ ಅವ್ವ ನನ್ನನ್ನು ಕೇಳುವುದಿಲ್ಲ. ಮಾದೇವಿಯದಿರಲಿ, ನನ್ನ ಊಟದ ಸುದ್ದಿಯನ್ನೂ ಕೇಳುವುದಿಲ್ಲ. ನನ್ನ ಕೈಯ ಮಾತು ಅವಳಿಗೆ ಬೇಡವಾಗಿದೆ. ಸಂಜೆ ಎಲ್ಲರೂ ರೊಟ್ಟಿ ಒಯ್ದು ಓಣಿ ಖಾಲಿಯಾದ ಮೇಲೆ, ಗೋಡೆ ಹಿಡಿದು ಏಳುತ್ತಾಳೆ. ಮೊಣಕಾಲು ನೋವು, ಹೆಜ್ಜೆ ಎಳೆಯುತ್ತ ಅಡಿಗೆಮನೆಗೆ ಹೋಗುತ್ತಾಳೆ. ಒಂದೊಂದು ಬೋಗುಣಿಯ ಮುಚ್ಚಳವನ್ನೂ ತೆಗೆದು ಒಳಗೆ ಬಗ್ಗಿ ನೋಡುತ್ತಾಳೆ, ಯಾರ ಪಾಲು ಉಳಿದಿದೆ ಎಂದು. ನೋಡಿ ಮತ್ತೆ ಮುಚ್ಚುತ್ತಾಳೆ. ನಾನು ಹೊರಗೆ ಕೂತು ಆ ಸಪ್ಪಳ ಕೇಳುತ್ತೇನೆ.